ಡೊಂಬಿವಲಿ ಲೋಕಲ್‌ನಲ್ಲಿ ಸಿಕ್ಕ ಅಮ್ಮನಿಗೆ

ಕಳೆದ ಮಂಗಳವಾರ ಮುಂಬೈ ಹತ್ತಿರದ ಡೊಂಬಿವಲಿಯಿಂದ ದಾದರ್‌ಗೆ ಹೋಗುವ ಲೋಕಲ್ ರೈಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮ, ನಿಮ್ಮ ಹೆಸರು ಕೇಳುವುದೇ ಮರೆತೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ನೀವೇ ಮಾತಿಗೆ ಬಂದಿರಿ.

ಜ್ವರದಿಂದ ಮಗಳ ಪರೀಕ್ಷೆ ತಪ್ಪಿತ್ತು. ಇಂಗ್ಲೆಂಡಿನ ಒಂದು ಕಾಲೇಜಿಗೆ ಪತ್ರ ಬರೆದಿದ್ದೆ. 'ಗಿವ್ ಹರ್ ಒನ್ ಮೋರ್ ಚಾನ್ಸ್. ಡು ದ ನೀಡ್‌ಫುಲ್.' ನೀವು ಓದಿ, ಮೆಲ್ಲಗೆ ಕೇಳಿದಿರಿ: "ಇದನ್ನು ಓದುವವರು ಯಾರು?"

ನಮ್ಮ 'ಕೊಡಿ' ಅನ್ನೋ ಮಾತಿನ ಒಳಗೇ ಮರ್ಯಾದೆ ಇದೆ. ಇಂಗ್ಲಿಷ್‌ನ 'ಗಿವ್'ನಲ್ಲಿ ಕೊಡು, ಕೊಡಿ ಅನ್ನೋ ಭೇದವಿಲ್ಲ. ಸುಮ್ನೆ ಬರೆದರೆ ಅಪ್ಪಣೆಯ ಹಾಗೆ ಕೇಳಿಸುತ್ತದೆ. ಇಷ್ಟು ವರ್ಷ ಇಂಗ್ಲಿಷ್ ಬರೆದರೂ ಇದು ನನಗೆ ಹೊಳೆದಿರಲಿಲ್ಲ. ನೀವು ಪೆನ್ನು ತೆಗೆದು 'ಐ ರಿಕ್ವೆಸ್ಟ್ ದಟ್ ಶೀ ಬಿ ಗಿವನ್' ಅಂತ ತಿದ್ದಿದಿರಿ. 'ಬಿ' ಯಾಕೆ, 'ಈಸ್' ಯಾಕಲ್ಲ ಅಂತ ಕೇಳಿದೆ. ಈ 'ಬಿ' ಸಬ್ಜಂಕ್ಟಿವ್ ಮೂಡ್, ಆಗಿರುವುದನ್ನಲ್ಲ, ಆಗಲಿ ಅಂತ ಬಯಸುವುದನ್ನು ಹೇಳುವ ರೂಪ, ನಮ್ಮ 'ಸಿಗಲಿ' ಇದ್ದ ಹಾಗೆ, ಅಲ್ವಾ ಅಂದಿರಿ. ಎಷ್ಟು ಚೆಂದದ ವಿವರಣೆ! ವ್ಯಾಕರಣವನ್ನು ಶಾಲೆಯಲ್ಲಿ ಹೀಗೆ ಮನೆ ಮಾತಿನಿಂದಲೇ ಕಲಿಸಬೇಕಿತ್ತು.

'ಡು ದ ನೀಡ್‌ಫುಲ್' ನಮ್ಮ ಆಫೀಸುಗಳಲ್ಲಿ ಜಾಸ್ತಿ ನಡೆಯುತ್ತದೆ, ಅಲ್ಲಿನವರಿಗೆ ಹಳೇ ಮಾತು ಅಂದಿರಿ. ಅದರ ಜಾಗದಲ್ಲಿ ಯಾವ ಪರೀಕ್ಷೆ, ಯಾವ ದಿನ, ಏನು ಬೇಕು ಅಂತ ಬರೆಸಿದಿರಿ. ಅಷ್ಟರಲ್ಲಿ ಘಾಟ್ಕೋಪರ್ ಬಂತು, ಇಳಿದುಬಿಟ್ಟಿರಿ.

ಪತ್ರವನ್ನು ಅದೇ ಸಂಜೆ ಕಳಿಸಿದೆ, ಅಮ್ಮ. ನಿಮ್ಮ ನೀಲಿ ಪೆನ್ನು ನನ್ನ ಹತ್ತಿರವೇ ಉಳಿದಿದೆ. ತುಂಬಾ ತುಂಬಾ ಧನ್ಯವಾದ.