ಬೆಟ್ಟಕ್ಕಿಂತ ಮೊದಲು ರಸ್ತೆ ವಿಚಾರಿಸಿ

ಮಾನ್ಯರೇ,

ದೂರದ ಬೆಟ್ಟಕ್ಕೆ ಚಾರಣ ಹೊರಡುವವರು ಬೂಟು, ಬ್ಯಾಗು, ಹವಾಮಾನ ಎಲ್ಲ ನೋಡಿಕೊಳ್ಳುತ್ತಾರೆ. ಬುಡದವರೆಗಿನ ಮಣ್ಣು ರಸ್ತೆ ಹೇಗಿದೆ ಅಂತ ಕೇಳುವವರು ಕಡಿಮೆ. ಮೊಬೈಲ್ ಮ್ಯಾಪ್‌ನಲ್ಲಿ ಗೆರೆ ಇದೆಯಲ್ಲ, ಸಾಕು ಅಂದುಕೊಳ್ಳುತ್ತಾರೆ. ಹೋದ ಮಳೆಗೆ ಮೋರಿ ಕೊಚ್ಚಿಹೋಗಿದ್ದರೂ ಆ ಗೆರೆ ಹಾಗೇ ಇರುತ್ತದೆ!

ರಸ್ತೆಯ ಗೇಟು ಬುಡಕ್ಕಿಂತ 8 ಕಿ.ಮೀ. ಮೊದಲೇ ಮುಚ್ಚಿದ್ದರೆ ಹೋಗಿ ಬರಲು 16 ಕಿ.ಮೀ. ಹೆಚ್ಚು ನಡಿಗೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ನಡಿಗೆಯ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ: ಗಂಟೆಗೆ ಸುಮಾರು 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ರಸ್ತೆ ಸಮತಟ್ಟಾಗಿದ್ದರೂ ಸುಮ್ನೆ ಮೂರು ಗಂಟೆಗೂ ಜಾಸ್ತಿ ಹೋಯಿತು. ಕತ್ತಲಾಗುವುದು ಇದರಿಂದಲೇ ಅಲ್ವಾ?

ರಸ್ತೆ ಹೇಗಿದೆ ಅಂತ ನೋಡಲು, ಭೂಮಿಯ ಚಿತ್ರ ತೆಗೆಯುವ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ, ಸುಮಾರು ಐದು ದಿನಕ್ಕೊಮ್ಮೆ ಹೊಸದು. ಹಿಮ, ದೊಡ್ಡ ಭೂಕುಸಿತ ಕಾಣುತ್ತದೆ, ಮೋಡ ಇಲ್ಲದಿದ್ದರೆ ಮಾತ್ರ. ಅಡ್ಡ ಬಿದ್ದ ಮರ ಕಾಣುವುದಿಲ್ಲ. ಅದಕ್ಕೆ ಅರಣ್ಯ ಕಚೇರಿಗೋ ಹತ್ತಿರದ ಊರಿಗೋ ಫೋನ್ ಮಾಡಲೇಬೇಕು. ‘ರಸ್ತೆ ಚೆನ್ನಾಗಿದೆಯಾ?’ ಅಂದರೆ ‘ಹೂಂ’ ಅಂತಾರೆ, ಅವರು ಓಡಿಸುವುದು ಜೀಪು! ಕೊನೆಯ ಸಲ ಯಾವ ಗಾಡಿ ಹೋಯಿತು, ಯಾವತ್ತು ಅಂತ ಕೇಳಬೇಕು. ಹಿಮ ಕರಗಿ ಹರಿಯುವ ಹಳ್ಳವಿದ್ದರೆ ಸಂಜೆಯ ನೀರನ್ನೂ ವಿಚಾರಿಸಿ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಬಿಸಿಲೇರಿದ ಮೇಲೆ ಮೊಣಕಾಲಿಗೆ ಬರಬಹುದು.

ನಿಮ್ಮ ಪತ್ರಿಕೆಯ ಚಾರಣ ಲೇಖನಗಳಲ್ಲಿ ಲೇಖಕರು ಯಾವ ತಿಂಗಳು, ಯಾವ ವರ್ಷ ಹೋಗಿದ್ದರು ಎಂಬ ಒಂದು ಸಾಲು ಸೇರಿಸಿದರೆ ಉಪಕಾರವಾಗುತ್ತದೆ.

– ಒಬ್ಬ ಓದುಗ