ಬ್ಯಾಡ್ಜ್ ಇಲ್ಲದವರ ಲೆಕ್ಕ ಯಾರ ಹತ್ತಿರ?

ಮಾನ್ಯ ಸಂಪಾದಕರೇ,

ನಾನು ಕುಂಬಳೆಯವನು, ಎಕ್ಸ್‌ರೇ ಟೆಕ್ನಿಷಿಯನ್. ಸೀಸದ ಏಪ್ರನ್ನಿನ ಒಳಗೆ, ಎದೆಯ ಹತ್ತಿರ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಂಡೇ ಕೆಲಸಕ್ಕೆ ನಿಲ್ಲುತ್ತೇನೆ. ಪ್ಲಾಸ್ಟಿಕ್ ಕವಚ, ಅದರೊಳಗೆ ಮೂರು ಪುಟ್ಟ ಬಿಲ್ಲೆಗಳಿರುವ ಕಾರ್ಡ್. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಬಿಸಿ ಮಾಡಿದಾಗ ಬಿಲ್ಲೆಗಳು ಬೆಳಕು ಸೂಸುತ್ತವೆ. ಅದನ್ನು ಅಳೆದು ನನಗೆ ತಗುಲಿದ ವಿಕಿರಣವನ್ನು ಲೆಕ್ಕ ಹಾಕುತ್ತಾರೆ.

ಉಪ್ಪಳದಿಂದ ಕಾಸರಗೋಡಿನವರೆಗೆ ಗುಜರಿ ಅಂಗಡಿಗಳಲ್ಲಿ ಬರಿಗೈಯಲ್ಲಿ ಕಬ್ಬಿಣ ಒಡೆಯುವ ಹುಡುಗರಿಗೆ ಇಂಥ ಲೆಕ್ಕ ಇಲ್ಲ.

2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಹಳೇ ಯಂತ್ರದೊಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ಒಬ್ಬರು ತೀರಿಕೊಂಡರು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಗುಜರಿ ಸೇರಿದ್ದು ಅಂಥದ್ದೇ ಇನ್ನೊಂದು ವಸ್ತು, ಸೀಸಿಯಂ-137. ನಾಲ್ವರು ಸತ್ತರು. ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ತಪಾಸಣೆ ಮಾಡಬೇಕಾಯಿತು. ಮೈಗೆ ಅಂಟಿದ ಇಂಥ ವಸ್ತುವಿನ ಧೂಳನ್ನು ವಿಕಿರಣ ಅಳೆಯುವ ಮೀಟರ್ ತೋರಿಸುತ್ತದೆ, ಸರಿ. ಮೈಯೊಳಗೆ ಹಾದುಹೋದ ಕಿರಣವನ್ನು ತೋರಿಸುವುದಿಲ್ಲ. ಅದಕ್ಕೆ ರಕ್ತದ ಬಿಳಿ ಕಣಗಳನ್ನು ಎರಡು ದಿನ ಬೆಳೆಸಿ, ವರ್ಣತಂತುಗಳು ಮುರಿದು ತಪ್ಪಾಗಿ ಕೂಡಿಕೊಂಡಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಸಾವಿರಾರು ಜನರಿಗೆ ಇದು ಬೇಗ ಆಗುವ ಕೆಲಸವಲ್ಲ.

ಆದ್ದರಿಂದಲೇ, ಎಷ್ಟು ವಿಕಿರಣ ತಗುಲಿತೆಂದು ಜೀವಕೋಶಗಳು ಬಿಡುವ ಆವಿಯಿಂದ ಕಂಡುಹಿಡಿಯುವ ಸಂಶೋಧನೆ ಮುಖ್ಯ ಅನ್ನುತ್ತೇನೆ. ವಿಕಿರಣ ಬಿದ್ದಾಗ ಕೋಶದ ಪೊರೆಯ ಕೊಬ್ಬು ಕೆಡುತ್ತದೆ, ತೆಂಗಿನೆಣ್ಣೆ ಕಮಟು ಹಿಡಿದ ಹಾಗೆ. ಆಗ ಹೆಕ್ಸನಾಲ್, ಪೆಂಟೇನ್‌ನಂಥ ಬೇಗ ಆವಿಯಾಗುವ ರಾಸಾಯನಿಕಗಳು ಹುಟ್ಟುತ್ತವೆ. ಅವು ಉಸಿರಿನಲ್ಲೂ ಸಿಗುತ್ತವೆ. ತೊಡಕು ಏನೆಂದರೆ, ಬೀಡಿ ಸೇದುವವರ, ಸೋಂಕು ಇರುವವರ ಉಸಿರಿನಲ್ಲೂ ಇವು ಏರುಪೇರಾಗುತ್ತವೆ. ಎಷ್ಟು ವಿಕಿರಣಕ್ಕೆ ಎಷ್ಟು ಆವಿ ಎಂದು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ನಮ್ಮ ಜಿಲ್ಲೆಯ ಎಷ್ಟೋ ಜನ ರೇಡಿಯೇಷನ್ ಚಿಕಿತ್ಸೆಗೆ ಮಂಗಳೂರಿಗೆ ಹೋಗುತ್ತಾರಲ್ವಾ? ಅವರಿಗೆ ಕೊಡುವ ಪ್ರಮಾಣ ಕಡತದಲ್ಲೇ ಇರುತ್ತದೆ. ಒಪ್ಪಿದವರಿಂದ ಚಿಕಿತ್ಸೆಗೆ ಮೊದಲು, ಆಮೇಲೆ ಉಸಿರಿನ ಮಾದರಿ ತೆಗೆದಿಡಲಿ. ಸೂಜಿ ಚುಚ್ಚುವ ಕೆಲಸವೂ ಇಲ್ಲ. (ಎಕ್ಸ್‌ರೇ ತೆಗೆಸುವವರು ಇದನ್ನು ಓದಿ ಹೆದರಬೇಡಿ. ಅಲ್ಲಿ ಬೀಳುವುದು ತೀರಾ ಕಡಿಮೆ.)

ಇಂಥ ಉಸಿರಿನ ಪರೀಕ್ಷೆ ಬರುವವರೆಗೆ ಸುಮ್ನೆ ಕೂರುವುದು ಬೇಡ. ಮೂರು ಎಸಳಿನ ವಿಕಿರಣದ ಗುರುತು, ಅಳತೆಗೆ ಮೀರಿ ಭಾರವಾದ ಸೀಸದ ಡಬ್ಬಿ, ಇವು ಕಂಡರೆ ಒಡೆಯಬೇಡಿ, ದೂರ ನಿಂತು ಪೊಲೀಸರಿಗೆ ತಿಳಿಸಿ ಎಂಬ ಫಲಕ ಪ್ರತಿ ಗುಜರಿ ಅಂಗಡಿಯಲ್ಲೂ ಇರಲಿ. ಗುರುತಿನ ಚಿತ್ರದ ಜೊತೆ ಕನ್ನಡ, ಮಲಯಾಳಂ, ಹಿಂದಿ ಮೂರೂ ಬೇಕು. ಪಂಚಾಯತಿನವರು ಲೈಸನ್ಸ್ ಕೊಡುವಾಗಲೇ ಇದನ್ನು ಕೇಳಲಿ.

– ಓರ್ವ ಎಕ್ಸ್‌ರೇ ಟೆಕ್ನಿಷಿಯನ್, ಕುಂಬಳೆ