ಮಗಳಿಗೊಂದು ಪತ್ರ: ಶೃಂಗೇರಿಯ ಬೂತಿಗೆ ಹೊರಡುವ ಮುನ್ನ

ಏಪ್ರಿಲ್ 2024

ಪುಟ್ಟಿಗೆ ಅಪ್ಪನ ಆಶೀರ್ವಾದ.

ಲೋಕಸಭೆಯ ಎಲೆಕ್ಷನ್ ಡ್ಯೂಟಿ ರದ್ದು ಮಾಡಿಸಿಕೊಡಿ ಅಂತ ನೀನು ಕೇಳಿದಾಗ ಫೋನಿನಲ್ಲಿ ಗದರಿಬಿಟ್ಟೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಯಾರ ಹತ್ತಿರವೂ ಹೇಳಿಸುವುದಿಲ್ಲ ಅಂದ ಮಾತು ಹಾಗೇ ಇದೆ. ತರೀಕೆರೆಯಿಂದ ಎತ್ತಿ ಶೃಂಗೇರಿ ಕ್ಷೇತ್ರಕ್ಕೆ ಹಾಕಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ವಾಸವಿರುವ, ನೌಕರಿ ಮಾಡುವ ವಿಧಾನಸಭಾ ಕ್ಷೇತ್ರದಲ್ಲಿ ಯಾರನ್ನೂ ಮತಗಟ್ಟೆಗೆ ಹಾಕುವುದಿಲ್ಲ. ಪಿಆರ್‌ಓ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ ಅಂತ ಆದೇಶದಲ್ಲಿ ನಿನ್ನ ಹೆಸರು ಬಂದಿದ್ದನ್ನು ಅಮ್ಮ ಅಕ್ಕಪಕ್ಕದ ಮನೆಗೆಲ್ಲ ಹೇಳಿ ಬಂದಿದ್ದಾಳೆ. ನಾನು ಹೇಳಿಕೊಂಡು ತಿರುಗಲಿಲ್ಲ, ಅಷ್ಟೇ ವ್ಯತ್ಯಾಸ.

ಟ್ರೇನಿಂಗಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನನ್ನನ್ನು ಕಾಡುತ್ತಿರುವುದು ಒಂದೇ, ಸಿಆರ್‌ಸಿ. ಮತಯಂತ್ರದ ಮೂರು ಗುಂಡಿಗಳು: ಕ್ಲೋಸ್, ರಿಸಲ್ಟ್, ಕ್ಲಿಯರ್.

26ರ ಶುಕ್ರವಾರ ಮತದಾನ 7ಕ್ಕೆ, ಯಂತ್ರ ಪರೀಕ್ಷಿಸುವ ಅಣಕು ಮತದಾನ ಬೆಳಗಿನ ಜಾವ 5.30ಕ್ಕೆ. ಅಭ್ಯರ್ಥಿಗಳ ಏಜೆಂಟರು ಬರದಿದ್ದರೆ 15 ನಿಮಿಷ ಕಾಯಿ, ಆಮೇಲೆ ಶುರು ಮಾಡು. ಕನಿಷ್ಠ 50 ಮತ, ನೋಟಾ ಸೇರಿ ಪ್ರತಿ ಗುಂಡಿಗೂ ಒಂದಾದರೂ ಬೀಳಬೇಕು. ಮುಗಿದ ಕೂಡಲೇ ಕ್ಲೋಸ್ ಒತ್ತು, ರಿಸಲ್ಟ್ ಒತ್ತು, ಬಂದ ಲೆಕ್ಕವನ್ನು, ಪ್ರತಿ ಮತಕ್ಕೂ ಚೀಟಿ ಮುದ್ರಿಸುವ ವಿವಿಪ್ಯಾಟಿನ ಚೀಟಿಗಳ ಜೊತೆ ತಾಳೆ ನೋಡಿ ಕ್ಲಿಯರ್ ಒತ್ತು. ಟೋಟಲ್ ಒತ್ತಿ ಸೊನ್ನೆ ಬಂದಿದ್ದನ್ನು ಪ್ರತಿಯೊಬ್ಬ ಏಜೆಂಟರಿಗೂ ತೋರಿಸು. ಈ ಗುಂಡಿಗಳಿರುವ ಕಂಟ್ರೋಲ್ ಯೂನಿಟ್ ಆಫ್ ಮಾಡಿದ ಮೇಲೆ ವಿವಿಪ್ಯಾಟಿನ ಡಬ್ಬಿಯಲ್ಲಿ ಒಂದು ಚೀಟಿಯೂ ಉಳಿಯದ ಹಾಗೆ ತೆಗೆದು, ಪ್ರತಿ ಚೀಟಿಯ ಬೆನ್ನಿಗೆ ಮಾಕ್ ಪೋಲ್ ಸೀಲು ಹಾಕಿ, ಕಪ್ಪು ಲಕೋಟೆಗೆ ತುಂಬಿ, ಲಕೋಟೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗುಲಾಬಿ ಪೇಪರ್ ಸೀಲು ಅಂಟಿಸು. ಇದೆಲ್ಲ ಆದ ಮೇಲೆಯೇ ಹಸಿರು ಪೇಪರ್ ಸೀಲು, ಸ್ಪೆಷಲ್ ಟ್ಯಾಗು.

ತಪ್ಪುವುದು ಎಲ್ಲಿ ಗೊತ್ತಾ? ಕ್ಲೋಸ್ ಒತ್ತಿ ಕ್ಲಿಯರ್ ಮರೆತರೆ ಯಂತ್ರವೇ ನಿನ್ನನ್ನು ಎಚ್ಚರಿಸುತ್ತದೆ, ಬ್ಯಾಲೆಟ್ ಗುಂಡಿ ಕೆಲಸ ಮಾಡುವುದಿಲ್ಲ. ಕ್ಲೋಸನ್ನೇ ಒತ್ತದೆ, ಟೋಟಲ್ 50 ಬಂತು, ಚೀಟಿಯೂ 50 ಇದೆ, ಸರಿಯಾಯ್ತು ಅಂತ ಸೀಲು ಹಾಕಿಬಿಟ್ಟರೆ ಯಂತ್ರ ಸುಮ್ಮನಿರುತ್ತದೆ. 7ಕ್ಕೆ ಬರುವ ಮೊದಲ ಮತದಾರ ಒಳಗೆ 51ನೆಯವನಾಗುತ್ತಾನೆ. ಹೊರಗೆ ಸಾಲು ಬೆಳೆದಿರುತ್ತದೆ, ಏಜೆಂಟರು ಗಡಿಯಾರ ತೋರಿಸುತ್ತಿರುತ್ತಾರೆ, ನಿನ್ನ ಸಹಾಯಕ ಅಧಿಕಾರಿ ಎಪಿಆರ್‌ಓ ಮತದಾರರ ಪಟ್ಟಿಯ ಮಾರ್ಕ್ಡ್ ಕಾಪಿ ಹಿಡಿದು ಏನೋ ಕೇಳುತ್ತಿರುತ್ತಾರೆ. ಆ ಹತ್ತು ನಿಮಿಷ ಯಾರ ಮಾತಿಗೂ ತಲೆ ಎತ್ತಬೇಡ.

ಸಂಜೆ ಮತದಾರರನ್ನು ದಾಖಲಿಸುವ 17ಎ ರಿಜಿಸ್ಟರಿನಲ್ಲಿ 800, ಯಂತ್ರದಲ್ಲಿ 850 ಅಂತಾದರೆ ಮತಗಳ ಲೆಕ್ಕದ ನಮೂನೆ 17ಸಿಯಲ್ಲಿ ಏನು ಬರೆಯುತ್ತೀಯ? ಎಣಿಕೆಯ ದಿನ ಅಂಥ ಯಂತ್ರವನ್ನು ಪಕ್ಕಕ್ಕಿಡುತ್ತಾರೆ. ಗೆಲುವಿನ ಅಂತರ ದೊಡ್ಡದಿದ್ದರೆ ಅದರ ಗೊಡವೆಗೆ ಹೋಗುವುದಿಲ್ಲ. ಅಂದರೆ ನಿನ್ನ ಬೂತಿಗೆ ನಡೆದು ಬಂದ ಅಷ್ಟೂ ಜನರ ಮತ ಲೆಕ್ಕಕ್ಕೇ ಬರುವುದಿಲ್ಲ. ಅಂತರ ಸಣ್ಣದಾದರೆ ಚೀಟಿ ಎಣಿಸಬೇಕು, ಎರಡೂ ಕಡೆಯವರು ನಿನ್ನ ಸಹಿಯನ್ನೇ ಹಿಡಿದು ಜಗ್ಗುತ್ತಾರೆ. ಲೋಕಸಭೆಗೆ ಒಂದು ಬೂತು ಯಾವ ಲೆಕ್ಕ ಅನ್ನಬೇಡ. ಇದೇ ಶೃಂಗೇರಿಯಲ್ಲಿ ಹೋದ ವರ್ಷ ವಿಧಾನಸಭೆಗೆ ಟಿ.ಡಿ. ರಾಜೇಗೌಡರು ಡಿ.ಎನ್. ಜೀವರಾಜ್ ಅವರ ಎದುರು ಗೆದ್ದದ್ದು ಬರೇ 201 ಮತದಿಂದ. 2018ರಲ್ಲೂ ಅವರಿಬ್ಬರದೇ ಪೈಪೋಟಿ, ಅಂತರ 1,989. ಒಂದು ಬೂತಿನ ಮತಕ್ಕಿಂತ ಕಡಿಮೆ ಅಂತರದಲ್ಲಿ ಶಾಸಕರು ಆಯ್ಕೆಯಾದ ಕ್ಷೇತ್ರ ಅದು. ಅಲ್ಲಿ ಏಜೆಂಟರು ಒಂದೊಂದು ಮತಕ್ಕೂ ಕಣ್ಣಿಟ್ಟಿರುತ್ತಾರೆ.

ಆದ್ದರಿಂದ 7ಕ್ಕೆ ಐದು ನಿಮಿಷ ಇರುವಾಗ ಇನ್ನೊಮ್ಮೆ ಟೋಟಲ್ ಒತ್ತಿ ಸೊನ್ನೆ ನೋಡು. ಎರಡೆರಡು ಗಂಟೆಗೆ ಶೇಕಡಾವಾರು ವರದಿ ಕೊಡುವಾಗಲೂ 17ಎ ಜೊತೆ ತಾಳೆ ನೋಡು. ವ್ಯತ್ಯಾಸ ಕಂಡರೆ ಯಾವ ಗುಂಡಿಯನ್ನೂ ಮುಟ್ಟದೆ ಸೆಕ್ಟರ್ ಆಫೀಸರಿಗೆ ತಿಳಿಸು, ಹೊತ್ತು ಹಾಕಿ ಡೈರಿಯಲ್ಲಿ ಬರೆ. ಸರಿಮಾಡಲು ಹೋಗಿ ಮಧ್ಯದಲ್ಲಿ ಕ್ಲೋಸ್ ಒತ್ತಿದರೆ ಆ ಯಂತ್ರ ಮುಂದೆ ಮತ ತೆಗೆದುಕೊಳ್ಳುವುದಿಲ್ಲ, ಇಡೀ ಸೆಟ್ಟು ಬದಲಾಗಬೇಕು. ಹೊಸ ಸೆಟ್ಟಿಗೆ ಮತ್ತೆ ಅಣಕು ಮತದಾನ, ಒಂದೊಂದು ಗುಂಡಿಗೆ ಒಂದೊಂದು ಮತ, ಮತ್ತೆ ಅದೇ ಸಿಆರ್‌ಸಿ. ಮರೆಯುವುದು ಹೆಚ್ಚಾಗಿ ಈ ಎರಡನೇ ಸಲವೇ. ಹೇಳಿದ್ದನ್ನೇ ಹೇಳುತ್ತಿದ್ದೇನೆ, ಗೊತ್ತು. ಆದರೂ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೋ ಮಗಳೇ.

ವಿವಿಪ್ಯಾಟನ್ನು ಕಿಟಕಿಯ ಬೆಳಕಿಗೋ ಬಲ್ಬಿನ ನೇರ ಕೆಳಗೋ ಇಡಬೇಡ, ಬೆಳಕು ಜಾಸ್ತಿಯಾದರೆ ಅದರ ಸೆನ್ಸರ್ ಕೆಡುತ್ತದೆ.

ದೇವಸ್ಥಾನದ ಸೀಮೆ ಅಂತ ನಿಮ್ಮಮ್ಮನಿಗೆ ಧೈರ್ಯ, ಶಾರದಾಂಬೆ ನೋಡಿಕೊಳ್ಳುತ್ತಾಳೆ ಅನ್ನುತ್ತಾಳೆ. ನನಗೆ ಅಲ್ಲೂ ಒಂದು ಚಿಂತೆ. ಕ್ಷೇತ್ರ ಯಾವುದೇ ಇರಲಿ, ಕಾಸು ಕೊಟ್ಟು ಕುಂಕುಮದ ಮೇಲೆ, ಪ್ರಸಾದದ ಮೇಲೆ ಆಣೆ ಹಾಕಿಸಿಕೊಳ್ಳುವ ಚಾಳಿ ನಮ್ಮಲ್ಲಿದೆ. ಆಣೆ ತಪ್ಪಿದರೆ ದೇವರು ಮುನಿಯುತ್ತಾನೆ ಅಂತ ಮತದಾರರನ್ನು ನಂಬಿಸುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ಧರ್ಮದ ಹೆಸರಲ್ಲಿ ಮತ ಕೇಳುವುದೂ ಅಷ್ಟೇ. ಅದು ಮತದಾರನ ಧರ್ಮಕ್ಕೂ ಅನ್ವಯಿಸುತ್ತದೆ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ಜನರ ಪೀಠ ಹೇಳಿದೆ. ಬೂತಿನೊಳಗೆ ಈ ಕಾಯ್ದೆಯ ಪಾಠ ಮಾಡಲು ನಿನಗೆ ಪುರುಸೊತ್ತಿರುವುದಿಲ್ಲ, ಬೇಕಾಗಿಯೂ ಇಲ್ಲ. ಆಣೆ ಹಾಕಿ ಬಂದವರಿಗೆ ಇರುವ ಹೆದರಿಕೆ ತಾನು ಒತ್ತಿದ್ದು ಯಾರಿಗಾದರೂ ಕಂಡೀತು ಅನ್ನುವುದು. ಮತ ಹಾಕುವ ಮರೆಯನ್ನು ಏಜೆಂಟರ ಬೆಂಚಿನಿಂದಲೂ ಕಿಟಕಿಯಿಂದಲೂ ಏನೂ ಕಾಣದ ಹಾಗೆ ನಿಲ್ಲಿಸು. ಏಜೆಂಟರ ಜಾಗದಲ್ಲಿ ನೀನೇ ಕೂತು ಒಮ್ಮೆ ನೋಡು.

ಕಣ್ಣು ಮಂಜಾದ ಅಜ್ಜಿಯರು ನೀನೇ ಒತ್ತಿಬಿಡಮ್ಮ ಅನ್ನುತ್ತಾರೆ. ಒತ್ತಬೇಡ, ನಿನ್ನ ಸಿಬ್ಬಂದಿಯೂ ಒತ್ತಕೂಡದು. ನಿಜವಾಗಿ ಕಾಣದವರು, ಕೈಲಾಗದವರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆತರಬಹುದು. ಆ ಒಬ್ಬರು ದಿನಕ್ಕೆ ಒಬ್ಬರಿಗೆ ಮಾತ್ರ ಜೊತೆಗಾರ, ಹೆಸರು 14ಎ ನಮೂನೆಯಲ್ಲಿ ಬರೆಯಬೇಕು. ಬೆಳಿಗ್ಗೆ ಒಬ್ಬ ಅಜ್ಜನನ್ನು ಕರೆತಂದವನೇ ಮಧ್ಯಾಹ್ನ ಇನ್ನೊಬ್ಬರ ಕೈ ಹಿಡಿದು ಬಂದರೆ ನಯವಾಗಿ ಹೊರಗೆ ಕಳಿಸು.

ಸಂಜೆ 6ಕ್ಕೆ ಸಾಲಿನಲ್ಲಿದ್ದವರಿಗೆಲ್ಲ ನಿನ್ನ ಸಹಿಯ ಚೀಟಿ ಕೊಡಬೇಕು. ಸಾಲಿನ ಬಾಲದಿಂದ ಶುರುಮಾಡಿ ಬಾಗಿಲ ಕಡೆಗೆ ಬಾ, ಆಗ ಹಿಂದೆ ಬಂದು ಸೇರಿಕೊಳ್ಳುವವರಿಗೆ ಎಡೆಯಿರುವುದಿಲ್ಲ. ಕೊನೆಯ ಮತ ಬಿದ್ದ ಮೇಲೆ ಕ್ಲೋಸ್ ಒತ್ತು. ಇದನ್ನು ಮರೆಯುವವರೂ ಇದ್ದಾರೆ. 17ಸಿ ಪ್ರತಿಯನ್ನು ಹಾಜರಿರುವ ಪ್ರತಿ ಏಜೆಂಟರಿಗೂ ಕೊಟ್ಟು ಸಹಿ ತಗೋ. ಯಂತ್ರ ಒಪ್ಪಿಸುವ ಡಿ-ಮಸ್ಟರಿಂಗಿಗೆ ಬರುವಾಗ ಬಸ್ಸಿನಲ್ಲಿ ನಿದ್ದೆ ಎಳೆಯುತ್ತದೆ. 17ಸಿ, ಡೈರಿ, ಅಣಕು ಮತದಾನದ ಪ್ರಮಾಣಪತ್ರ ಮೂರೂ ಯಂತ್ರದ ಜೊತೆ ನಿನ್ನ ಮಡಿಲಲ್ಲೇ ಇರಲಿ.

ನಿನ್ನ ಮತಕ್ಕಾಗಿ 12ಎ ಅರ್ಜಿ ಕೊಟ್ಟೆಯಾ? ಮತದಾನಕ್ಕೆ ನಾಲ್ಕು ದಿನ ಮೊದಲಾದರೂ ಕೊಟ್ಟಿರಬೇಕು. ತರೀಕೆರೆ, ಶೃಂಗೇರಿ ಎರಡೂ ಉಡುಪಿ ಚಿಕ್ಕಮಗಳೂರು ಲೋಕಸಭೆಗೇ ಸೇರಿದ್ದರಿಂದ ಆ ಅರ್ಜಿಗೆ ಸಿಗುವ ಚುನಾವಣಾ ಕರ್ತವ್ಯ ಪ್ರಮಾಣಪತ್ರ (ಇಡಿಸಿ) ಕೈಯಲ್ಲಿದ್ದರೆ ನೀನು ಡ್ಯೂಟಿ ಮಾಡುವ ಬೂತಿನಲ್ಲೇ ಮತ ಹಾಕಬಹುದು. ಕೊಟ್ಟಿಲ್ಲದಿದ್ದರೆ ನಾಳೆ ಬೆಳಿಗ್ಗೆ ಮೊದಲು ಆ ಕೆಲಸ ಮುಗಿಸು.

ನಿನ್ನ ಅಪ್ಪ